ನಾಲ್ಕನೆಯ ಹುಣಸೆಬೀಜ

ಸೋಮವಾರ: ಸ್ಟೇಷನ್ನು

೧೯೫೫ನೇ ಇಸವಿ ಮಾರ್ಚ್ ೧೪, ಸೋಮವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಸ್ಥಳ: ನಾಗಪುರ ಸ್ಟೇಷನ್ನಿನ ಪ್ಲಾಟ್‌ಫಾರಂ. ಹಾಜರಿದ್ದವರು: ನಾನು, ಕೆಂಪು ಅಂಗಿಯ ಒಬ್ಬ ಕೂಲಿ, ಕಿತ್ತಳೆ ಬುಟ್ಟಿ ಹೊತ್ತ ಐದು ಜನ ಹೆಂಗಸರು. ಹಾಜರಿರಬೇಕಾಗಿದ್ದು ಬಾರದವನು: ನನ್ನ ತಂಗಿಯ ಮಗ ಶ್ರೀಕಂಠ.

ಬರೆಯುವುದನ್ನು ಹೀಗೆ ಶುರುಮಾಡುವುದು ನನ್ನ ಹಳೆಯ ಅಭ್ಯಾಸ. ತುಮಕೂರಿನ ಒಂದು ಶಿಶುವಿಹಾರದಲ್ಲಿ ಇಪ್ಪತ್ತಾರು ವರ್ಷ ಕೂತು ಮಕ್ಕಳನ್ನು ನೋಡಿ ಬರೆದವಳು ನಾನು. ಯಾವ ಮಗು ಯಾವತ್ತು ತನ್ನ ಗುಂಡಿ ತಾನೇ ಹಾಕಿಕೊಂಡಿತು, ಯಾವುದು ಗೆಳೆಯನಿಗೆ ಅರ್ಧ ಬಿಸ್ಕತ್ತು ಮುರಿದು ಕೊಟ್ಟಿತು, ಯಾವುದು ಕೊಡುವ ಮುಂಚೆ ಒಮ್ಮೆ ನೆಕ್ಕಿತು, ಎಲ್ಲವೂ ಪುಸ್ತಕದಲ್ಲಿದೆ. ದಿನ, ಗಂಟೆ, ಹಾಜರಿದ್ದವರು, ಕಂಡದ್ದು. ಅನಿಸಿದ್ದನ್ನು ಬರೆಯಕೂಡದು. ನಮಗೆ ತರಬೇತಿ ಕೊಟ್ಟ ಮೇಡಂ, "ಅನಿಸಿದ್ದನ್ನ ಮನೆಗೆ ಹೋಗಿ ಅಡಿಗೆಮನೇಲಿ ಹೇಳ್ಕೋ" ಎನ್ನುತ್ತಿದ್ದರು. ನಿವೃತ್ತಳಾದ ಮೇಲೆ ನೋಡಲು ಮಕ್ಕಳಿಲ್ಲದೆ ಹಾಲಿನವನನ್ನೂ ಎದುರು ಮನೆಯ ಬೆಕ್ಕನ್ನೂ ಬರೆಯುತ್ತಾ ಕಾಲ ಕಳೆಯುತ್ತಿದ್ದೆ. ಆಗ ಶ್ರೀಕಂಠನ ಹೆಂಡತಿ ಲಲಿತಳ ಕಾಗದ ಬಂತು, ಮಗಳು ಸುಧಾಳ ವಿಷಯವಾಗಿ. ಐದು ತಿಂಗಳ ಹಿಂದೆ ಅವರಿಗೆ ಶಿವಮೊಗ್ಗದಿಂದ ನಾಗಪುರಕ್ಕೆ ವರ್ಗವಾಗಿತ್ತು. "ಸುಧಾಗೆ ಇಲ್ಲಿನ ಬಾಲಮಂದಿರದಲ್ಲಿ ಹಟಮಾರಿ ಅನ್ನುತ್ತಿದ್ದಾರೆ. ಹಾಗೆಯೇ ಬರೆದು ದೊಡ್ಡ ಶಾಲೆಗೆ ಕಳಿಸುತ್ತಾರಂತೆ. ನೀವೊಮ್ಮೆ ಬಂದು ನೋಡಿ ದೊಡ್ಡಮ್ಮ." ಮದ್ರಾಸಿನಲ್ಲಿ ಬಂಡಿ ಬದಲಿಸಿ, ಎರಡು ರಾತ್ರಿ ಹಾಸಿಗೆ ಸುರುಳಿಯ ಮೇಲೆ ಕೂತು, ಬಂದೇಬಿಟ್ಟೆ.

ಶ್ರೀಕಂಠ ಇಪ್ಪತ್ತು ನಿಮಿಷ ತಡವಾಗಿ ಏದುಸಿರು ಬಿಡುತ್ತಾ ಬಂದ.

"ಗಾಡಿ ಬರೋಬರ್ ಟೈಮಿಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು ದೊಡ್ಡಮ್ಮ?" ಎಂದು ಕಾಲಿಗೆ ನಮಸ್ಕಾರ ಮಾಡಿದ. ಅಷ್ಟರಲ್ಲಿ ಕಿತ್ತಳೆಯ ಹೆಂಗಸರು ನನ್ನನ್ನು ಸುತ್ತುವರಿದಿದ್ದರು. ನಾನು "ಬೇಡಮ್ಮ, ಬೇಡ" ಎಂದಷ್ಟೂ ಹಣ್ಣು ಮೂಗಿನ ಹತ್ತಿರಕ್ಕೆ ಬರುತ್ತಿತ್ತು.

"ಹಾಗಂದ್ರೆ ಅವರಿಗೆ ತಿಳಿಯಲ್ಲ. ಈ ಊರಲ್ಲಿ ಒಂದು ಮಾತು ಕಲಿತ್ರೆ ಸಾಕು. ನಕೋ ಅನ್ನಿ."

"ನಕೋ," ಎಂದೆ. ಐದು ಬುಟ್ಟಿಗಳೂ ಹಿಂದಕ್ಕೆ ಸರಿದವು. ನಮ್ಮ ಭಾಷೆಯಲ್ಲಿ ಬೇಡ ಎಂದರೆ ಅದು ಮಾತುಕತೆಯ ಆರಂಭ. ಅತಿಥಿ ಮೂರು ಸಲ ಬೇಡ ಎಂದ ಮೇಲೆ ತಾನೇ ನಾವು ಎಲೆಗೆ ಬಡಿಸುವುದು? ಇಲ್ಲಿ ಒಂದು ನಕೋ ಎಂದರೆ ಬಾಗಿಲು ಹಾಕಿದ ಹಾಗೆ. ಆ ದಿನವೆಲ್ಲ ಅದನ್ನು ಖುಷಿಯಿಂದ ಬಳಸಿದೆ. ರಿಕ್ಷಾದವನಿಗೆ, ಪಾನ್ ಮಾರುವವನಿಗೆ, ಕೊನೆಗೆ ಲಲಿತ ಮೂರನೆಯ ಸಲ ಹುಳಿ ಬಡಿಸಲು ಬಂದಾಗ ಅವಳಿಗೂ.

ರಿಕ್ಷಾದ ವಿಷಯ ಒಂದು ಮಾತು. ನಮ್ಮ ಜಟಕಾಕ್ಕೆ ಕುದುರೆ ಕಟ್ಟಿದರೆ ಇಲ್ಲಿ ಮನುಷ್ಯ ಸೈಕಲ್ಲಿನ ಹಾಗೆ ತುಳಿಯುತ್ತಾನೆ. ಏರು ಬಂದಾಗ ಮನಸ್ಸಿಗೆ ಹಿಂಸೆಯಾಗಿ ಇಳಿದು ನಡೆದೆ. ಅವನು ನನಗೆ ಕೋಪ ಬಂದಿದೆ ಎಂದು ತಿಳಿದು ತಾನೂ ಇಳಿದು ಕೈಮುಗಿದ. ರಿಕ್ಷಾದಲ್ಲಿ ಟ್ರಂಕು ಮಾತ್ರ ಆರಾಮವಾಗಿ ಕೂತಿತ್ತು.

ಮಂಗಳವಾರ: ಬಾಲಮಂದಿರದ ಕಂಬ

ನಮ್ಮ ಶಿಶುವಿಹಾರವನ್ನು ಇಲ್ಲಿ ಬಾಲಮಂದಿರ ಎನ್ನುತ್ತಾರೆ. ಟೀಚರನ್ನು ಬಾಯಿ ಎನ್ನುತ್ತಾರೆ. ಬೆಳಿಗ್ಗೆ ಸುಧಾ, "ಅಜ್ಜಿ, ಜಲ್ದಿ ಬನ್ನಿ, ಬಾಯಿ ಬಂದ್ಬಿಡುತ್ತೆ" ಎಂದಾಗ ಯಾರ ಬಾಯಿ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಬಂದದ್ದು ಸೈಕಲ್ಲಿನ ಮೇಲೆ ನೇರವಾಗಿ ಕೂತ ಮಾಲತಿಬಾಯಿ. ವಯಸ್ಸು ಮೂವತ್ತರ ಆಸುಪಾಸು, ಬಿಳಿ ಸೀರೆ, ಕ್ಯಾರಿಯರಿನಲ್ಲಿ ಪುಸ್ತಕದ ಕಟ್ಟು. ನಮ್ಮೂರಿನಲ್ಲಿ ಹೆಂಗಸೊಬ್ಬಳು ಸೈಕಲ್ಲು ತುಳಿದರೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತವೆ. ಇಲ್ಲಿ ಒಂದು ಎಮ್ಮೆಯೂ ತಲೆಯೆತ್ತಿ ನೋಡಲಿಲ್ಲ.

ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಪುಟ್ಟ ಪಾದಗಳನ್ನು ಬರೆದಿದ್ದರು. ಮಕ್ಕಳು ಬಂದವರೇ ತಮ್ಮ ಚಪ್ಪಲಿಯನ್ನು ಆ ಪಾದಗಳ ಮೇಲೆ ಸರಿಯಾಗಿ ಇಟ್ಟು ಒಳಗೆ ಹೋದರು. ಇಪ್ಪತ್ತಾರು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಹೋಳಿ ಮುಗಿದು ವಾರವಾಗಿದ್ದರೂ ಮಕ್ಕಳ ಕಿವಿಯ ಹಿಂದೆ ಗುಲಾಬಿ ಬಣ್ಣ ಉಳಿದಿತ್ತು. ಅದನ್ನು ಮಾತ್ರ ನನ್ನ ಶಾಲೆಯಲ್ಲಿ ಬಿಡುತ್ತಿರಲಿಲ್ಲ.

ಮಾಲತಿಬಾಯಿಗೂ ನನಗೂ ನಡುವೆ ಇದ್ದ ಭಾಷೆ ಇಂಗ್ಲಿಷು. ಅದು ಸಾಲದಿದ್ದಾಗ ಹಿಂದಿ, ಹಿಂದಿಯೂ ಸಾಲದಿದ್ದಾಗ ಕೈ. ನನ್ನ ಪರಿಚಯ ಕೇಳಿ ಬಹಳ ಗೌರವದಿಂದ ಕಂಬದ ಪಕ್ಕದಲ್ಲಿ ಸ್ಟೂಲು ಹಾಕಿಸಿದರು.

"ದಯವಿಟ್ಟು ಇಲ್ಲಿಂದಲೇ ನೋಡಿ. ಹೊಸಬರು ಹತ್ತಿರ ಬಂದರೆ ಮಕ್ಕಳು ಅವರನ್ನೇ ನೋಡುತ್ತಾ ಕೂರುತ್ತವೆ."

ನಾನೂ ಹೊಸಬರನ್ನು ಕಂಬಕ್ಕೇ ಕೂರಿಸುತ್ತಿದ್ದವಳು. ಮರುಮಾತಾಡದೆ ಪುಸ್ತಕ ಬಿಚ್ಚಿದೆ.

ಎಂಟೂವರೆಗೆ ಕವಾಯತು. ಮಕ್ಕಳು ವೃತ್ತವಾಗಿ ನಿಂತು, "ಏಕ್, ದೋನ್, ತೀನ್" ಎಂದು ಮೂರು ಹೆಜ್ಜೆ ಹಾಕಿ ಒಂದು ಚಪ್ಪಾಳೆ ತಟ್ಟಿದವು. ಮತ್ತೆ ಏಕ್, ದೋನ್, ತೀನ್, ಚಪ್ಪಾಳೆ. ಸುಧಾ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು. ಅದನ್ನೂ ಬರೆದುಕೊಂಡೆ. ಒಂಬತ್ತೂವರೆಗೆ ಎಣಿಕೆ. ಮಾಲತಿಬಾಯಿ ಒಂದೊಂದೇ ಮಗುವನ್ನು ಚಾಪೆಗೆ ಕರೆದು, ಮರದ ತಟ್ಟೆಯಲ್ಲಿ ಮೂರು ಹುಣಸೆಬೀಜ ಇಟ್ಟು, "ಕಿತಿ?", ಅಂದರೆ ಎಷ್ಟು, ಎಂದು ಕೇಳುತ್ತಾರೆ. ಮಗು ಸರಿಯಾಗಿ ಎಣಿಸಿದರೆ ನಾಲ್ಕು. ಅದೂ ಸರಿಯಾದರೆ ಐದು. ತಪ್ಪಿದರೆ ಬೀಜ ಡಬ್ಬಿಗೆ, ಮಗು ಆಟಕ್ಕೆ, ಷರಾ ಪುಸ್ತಕಕ್ಕೆ. ಒಂದು ಸಲ ಮಾತ್ರ ಕೇಳುವುದು, ಹೇಳಿಕೊಡುವುದಿಲ್ಲ, ಗದರಿಸುವುದಿಲ್ಲ. ಶಿಸ್ತೆಂದರೆ ಶಿಸ್ತು. ನನಗೆ ತುಮಕೂರೇ ಕಂಡ ಹಾಗಾಯಿತು.

ಸುಧಾಳ ಸರದಿ ಬಂತು. ಮೂರು ಬೀಜ ಸುಸೂತ್ರವಾಗಿ ಕಳೆಯಿತು. ನಾಲ್ಕು ಇಟ್ಟರು. ಮಗು ಒಂದೊಂದನ್ನೇ ಬೆರಳಿನಿಂದ ಮುಟ್ಟಿತು, ತುಟಿ ಆಡಿತು. ಮಾಲತಿಬಾಯಿ ನಗುತ್ತಲೇ ತಲೆಯಾಡಿಸಿ ಬೀಜಗಳನ್ನು ಡಬ್ಬಿಗೆ ಹಾಕಿದರು. ಸುಧಾ ಎದ್ದು ಹೋದಳು.

ಬಿಡುವಿನಲ್ಲಿ ಇಬ್ಬರೂ ಪುಸ್ತಕ ಎದುರುಬದುರು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಓದಿ ಹೇಳಿಕೊಂಡೆವು. ನನ್ನದರಲ್ಲಿ, "೯-೪೦. ನಾಲ್ಕು ಬೀಜ ಮುಟ್ಟಿದಳು. ತುಟಿ ನಾಲ್ಕು ಸಲ ಆಡಿತು." ಅವರದರಲ್ಲಿ, "ಮೂರಕ್ಕೆ ನಿಂತಳು. ಮುಂದೆ ನಿರಾಕರಿಸಿದಳು. ಹಟಮಾರಿ."

"ನೀವು ದೂರದಲ್ಲಿದ್ದಿರಿ," ಎಂದರು ಮಾಲತಿಬಾಯಿ ಮೆಲ್ಲಗೆ.

"ಕಣ್ಣಿಗೆ ಅಷ್ಟು ದೂರವೇನಲ್ಲ."

"ನಾನು ಕಿವಿಯಿಂದ ಕೇಳಿ ಬರೆದೆ. ಇದು ಮೊದಲ ಸಲವೂ ಅಲ್ಲ. ನೋಡಿ." ಪುಟ ತಿರುವಿದರು. ಹನ್ನೊಂದು ಸಲ ಅದೇ ಷರಾ, ಒಂದೇ ಅಕ್ಷರ, ಒಂದೇ ಶಾಯಿ. "ಬುದ್ಧಿ ಇದೆ, ಮನಸ್ಸಿಲ್ಲ. ಶನಿವಾರ ಪಟ್ಟಿ ಶಾಲೆಗೆ ಹೋಗುತ್ತದೆ. ಇಂಥ ಮಗುವನ್ನು ಒಂದನೇ ತರಗತಿಗೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ವರ್ಷ ಚಿಕ್ಕವರ ಜೊತೆ ಇರಲಿ." ಆಮೇಲೆ ನನ್ನ ಮುಖ ನೋಡಿ, "ಅಜ್ಜಿಯರಿಗೆ ತುಟಿ ಹೆಚ್ಚು ಸಲ ಆಡಿದ ಹಾಗೆ ಕಾಣುವುದು ಸಹಜ," ಎಂದರು.

ಚುಚ್ಚಿತು. ಆದರೆ ಸುಳ್ಳೆನ್ನಲು ಬಾಯಿ ಬರಲಿಲ್ಲ. ನೆಂಟರ ಮಗುವನ್ನು ನೋಡಿ ಬರೆಯಬೇಡ ಎಂಬುದು ನಾನೇ ಎಷ್ಟೋ ಜನ ಹೊಸ ಟೀಚರುಗಳಿಗೆ ಹೇಳಿಕೊಟ್ಟ ಪಾಠ.

ಸಂಜೆ ಮನೆಯಲ್ಲಿ ಸುಧಾ ನನ್ನ ಮಡಿಲಲ್ಲಿ ಕೂತು ನನ್ನ ಬಳೆ, ಬೆರಳು, ಟ್ರಂಕಿನ ಮೊಳೆ ಎಲ್ಲವನ್ನೂ ಒಂದರಿಂದ ಹನ್ನೆರಡರ ತನಕ ಕನ್ನಡದಲ್ಲಿ ಪಟಪಟನೆ ಎಣಿಸಿದಳು.

"ಅಲ್ಲಿ ಯಾಕೆ ಮುಂದೆ ಎಣಿಸಲ್ಲ ಪುಟ್ಟಿ?"

"ಬಾಯಿ ಹತ್ರ ಇರೋದೇ ನಾಕು ಬೀಜ, ಅಜ್ಜಿ. ಆಮೇಲೆ ಎತ್ತಿಟ್ಟುಬಿಡ್ತಾರೆ. ಪಾಪ."

ಆ ಹೊತ್ತಿಗೆ ಶ್ರೀಕಂಠ ಆಫೀಸಿನಿಂದ ಬಂದ. ಬಂದವನೇ ಸ್ಟೂಲು ಎಳೆದು ಮಗಳನ್ನು ಅದರ ಮೇಲೆ ಕೂರಿಸಿ, "ಎಣಿಸು," ಎಂದ. ಈಗ ತಾನೇ ಹನ್ನೆರಡು ಎಣಿಸಿದ ಮಗು ಬಾಯಿ ಬಿಡಲಿಲ್ಲ. ಕಣ್ಣು ನೆಲ ನೋಡಿತು.

"ನೋಡಿದ್ರಾ ದೊಡ್ಡಮ್ಮ? ಹಟ. ನಾನೇ ಹೋಗಿ ಬಾಯಿನ ಕೇಳ್ದೆ. ನಾಲ್ಕು ಬೀಜ ಇಟ್ರೆ ಇವಳು ಬೇಡ ಅಂತಾಳಂತೆ. ಐದೂಕಾಲು ವರ್ಷದ ಮಗು, ಬೇಡ ಅಂತಾಳೆ."

"ಮನೇಲಿ ಎಲ್ಲಾ ಎಣಿಸ್ತಾಳೆ ಅಂತ ನಾನೂ ಹೇಳ್ದೆ," ಎಂದಳು ಲಲಿತ. "ಎಲ್ಲಾ ತಾಯಂದ್ರೂ ಹಾಗೇ ಹೇಳ್ತಾರೆ ಅಂತ ನಕ್ಕುಬಿಟ್ರು. ಒಂದು ವರ್ಷ ಹೋದ್ರೆ ಹೋಗ್ಲಿ ದೊಡ್ಡಮ್ಮ. ಆದ್ರೆ ಹಟಮಾರಿ ಅಂತ ಬರೆದ್ರೆ ಆ ಮಾತು ಅವಳ ಹಿಂದೇನೇ ಶಾಲೆ ಶಾಲೆಗೂ ಹೋಗುತ್ತಲ್ಲ."

ಎಲ್ಲ ತಾಯಂದಿರೂ ಹಾಗೇ ಹೇಳುತ್ತಾರೆ ಎಂದು ನಾನೂ ನಕ್ಕವಳೇ.

ಬುಧವಾರ: ಬರ್ಡಿಯ ಪೇಟೆ

ಬುಧವಾರ ಬಾಲಮಂದಿರಕ್ಕೆ ಯಾವುದೋ ರಜೆ. ಮನೆಯಲ್ಲಿ ಮೂವರೂ ಮುಖ ಊದಿಸಿಕೊಂಡಿದ್ದರಿಂದ ನಾನೊಬ್ಬಳೇ ಸೀತಾಬರ್ಡಿಯ ಪೇಟೆಗೆ ಹೊರಟೆ. ಮರಾಠಿ ಬರುವುದಿಲ್ಲ ಎಂಬ ಅಳುಕಿರಲಿಲ್ಲ. ನಕೋ ಇತ್ತಲ್ಲ.

ಈ ಊರಿನ ಜನ ನಿಂತಲ್ಲೇ ಚಹಾ ಕುಡಿಯುತ್ತಾರೆ, ಅದೂ ಬಟ್ಟಲಿನಿಂದ ಸಾಸರಿಗೆ ಸುರಿದು, ಸಾಸರನ್ನು ಎರಡು ಕೈಯಲ್ಲಿ ತೀರ್ಥದ ಹಾಗೆ ಹಿಡಿದು. ಒಂದು ಸಾಸರು ಮೂವರ ನಡುವೆ ತಿರುಗಿದ್ದನ್ನೂ ನೋಡಿದೆ. ನಮ್ಮಲ್ಲಾದರೆ ಎಂಜಲಿನ ಮೇಲೆ ಒಂದು ಪಂಚಾಯಿತಿಯೇ ಸೇರುತ್ತಿತ್ತು. ದಾರಿ ಕೇಳಿದರೆ ಹೇಳುವುದಿಲ್ಲ, ಜೊತೆಗೇ ಬರುತ್ತಾರೆ. ಒಬ್ಬ ಹಿರಿಯರು ಬಂದು ಬಿಟ್ಟದ್ದು ನಾನು ಕೇಳಿದ ಜಾಗಕ್ಕಲ್ಲ, ಅವರ ಅಳಿಯನ ಬಟ್ಟೆ ಅಂಗಡಿಗೆ. ನಕೋ ಎಂದೆ. ನಗುತ್ತಾ ಸರಿಯಾದ ದಾರಿಗೂ ತಂದು ಬಿಟ್ಟರು.

ಕಿತ್ತಳೆಯ ಸಾಲಿನಲ್ಲಿ ನೀಲಿ ಸೀರೆಯ ಒಬ್ಬ ಹೆಂಗಸು ಹಣ್ಣನ್ನು ಗೋಪುರದ ಹಾಗೆ ಜೋಡಿಸಿದ್ದಳು. ಅದರ ಶಿಸ್ತು ಕಂಡು ಅಲ್ಲೇ ನಿಂತೆ. ಸುಧಾಗೆ, ಲಲಿತಳಿಗೆ, ಶ್ರೀಕಂಠನಿಗೆ, ನನಗೆ. ಅವಳು ಒಂದೊಂದೇ ಆರಿಸಿ ನನ್ನ ಚೀಲದ ಬಾಯಿಗೆ ತಂದಳು. ನನ್ನ ಕಣ್ಣು ಚೀಲದ ಮೇಲೆ, ಅವಳ ಕಣ್ಣು ಹಣ್ಣಿನ ಮೇಲೆ. ಅವಳು ಏನೋ ಕೇಳಿದಳು. ಎಷ್ಟು ಎಂದು ಕೇಳಿರಬೇಕೆಂದು, ಅಭ್ಯಾಸಬಲದಿಂದ, "ನಾಕು," ಎಂದೆ.

ಅವಳ ಕೈ ನಿಂತಿತು. ನನ್ನ ಮುಖವನ್ನು ಒಮ್ಮೆ ನೋಡಿದಳು. "ನಕೋ ತರ್ ನಕೋ," ಎಂದು ಆರಿಸಿದ ಹಣ್ಣನ್ನೆಲ್ಲ ಅಂಗೈಯಿಂದ ಒಟ್ಟಿಗೆ ಬಾಚಿ ಗೋಪುರದ ಹಿಂದಕ್ಕೆ ತಳ್ಳಿದಳು. ನಾನು ಇನ್ನೂ ಗಟ್ಟಿಯಾಗಿ, "ನಾಕಮ್ಮ, ನಾಕು," ಎಂದೆ. ಅವಳು ಮುಖ ತಿರುಗಿಸಿ ಪಕ್ಕದ ಗಿರಾಕಿಯ ಕಡೆ ಹೊರಳಿದಳು. ಬರಿ ಚೀಲ ಹಿಡಿದು ಮನೆಗೆ ಬಂದು, ಸಿಟ್ಟಿನಲ್ಲೇ ಪ್ರವಾಸದ ಪುಸ್ತಕಕ್ಕೆ ಬರೆದೆ: "ಬರ್ಡಿಯ ಹಣ್ಣಿನವಳು ಮುಂಗೋಪಿ. ಗಿರಾಕಿಗಳ ಬಗ್ಗೆ ಉಡಾಫೆ."

ಗುರುವಾರ: ಚಾಪೆಯ ಅಂಚು

ಬೆಳಿಗ್ಗೆ ಮಾಲತಿಬಾಯಿಯನ್ನು ಒಂದೇ ಒಂದು ಕೇಳಿಕೊಂಡೆ. ಇವತ್ತು ಕಂಬ ಬೇಡ, ಚಾಪೆಯ ಅಂಚಿನಲ್ಲಿ ಮಗುವಿಗೆ ಬೆನ್ನು ಹಾಕಿ ಕೂರುತ್ತೇನೆ. ಅವರು ಸ್ವಲ್ಪ ಯೋಚಿಸಿದರು.

"ನಡುವೆ ಮಾತಾಡುವುದಿಲ್ಲ ತಾನೇ?"

"ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮಾತಾಡಿಲ್ಲ."

ಒಂಬತ್ತೂವರೆ ದಾಟಿತ್ತು. ಸುಧಾ ಬಂದು ಕೂತಳು. ಮೂರು ಬೀಜ.

"ಕಿತಿ?"

"ಏಕ್, ದೋನ್, ತೀನ್."

ಕವಾಯತಿನ ಲಯದಲ್ಲೇ ಹೇಳಿದಳು. ತೀನ್ ಆದ ಮೇಲೆ ಪುಟ್ಟ ಚಪ್ಪಾಳೆಯೂ ಕೇಳಿಸಿತು. ಆಮೇಲೆ ನಾಲ್ಕನೆಯ ಬೀಜ ತಟ್ಟೆಗೆ ಬಿದ್ದ ಸದ್ದು.

"ಕಿತಿ?"

"ಏಕ್, ದೋನ್, ತೀನ್, ನಾಕು."

"ನಕೋ ತರ್ ನಕೋ, ಬಾಳಾ," ಎಂದರು ಮಾಲತಿಬಾಯಿ ಅಕ್ಕರೆಯಿಂದ.

ತಿರುಗಿ ನೋಡಿದೆ. ಅವರ ಅಂಗೈ ನಾಲ್ಕೂ ಬೀಜಗಳನ್ನು ಒಟ್ಟಿಗೆ ಬಾಚಿ ಡಬ್ಬಿಯತ್ತ ತಳ್ಳುತ್ತಿತ್ತು. ನಿನ್ನೆ ಪೇಟೆಯಲ್ಲಿ ಹಣ್ಣಿನವಳು ಕಿತ್ತಳೆಗಳನ್ನು ಬಾಚಿದ್ದೂ ಇದೇ ಮಾತಿಗೆ, ಇದೇ ರೀತಿ.

"ನಿಲ್ಲಿ," ಎಂದುಬಿಟ್ಟೆ.

ಇಡೀ ಬಾಲಮಂದಿರ ನನ್ನನ್ನು ನೋಡಿತು. ಮಾಲತಿಬಾಯಿಯ ಹುಬ್ಬು ಮೇಲಕ್ಕೇರಿತು.

"ಒಂದು ಉಪಕಾರ ಮಾಡಿ. ಏಳು ಬೀಜ ಇಡಿ."

"ನಾಲ್ಕೇ ಆಗದ ಮಗುವಿಗೆ ಐದೂ ಇಡುವಂತಿಲ್ಲ. ನಿಯಮ ನಿಮಗೆ ಗೊತ್ತು."

"ಗೊತ್ತು. ನಾನೂ ಅದನ್ನೇ ಪಾಲಿಸಿದವಳು. ಈ ಒಂದು ಸಲ ಮುರಿಯಿರಿ. ತಪ್ಪಾದರೆ ನನ್ನ ಹೆಸರು ಹಾಕಿ ಬರೆಯಿರಿ."

ಅವರು ತುಟಿ ಬಿಗಿದು ಏಳು ಬೀಜ ಇಟ್ಟರು. ಡಬ್ಬಿಯಿಂದ ಇನ್ನೂ ಬೀಜ ಬಂದದ್ದನ್ನು ಕಂಡು ಸುಧಾಳ ಕಣ್ಣು ಅರಳಿತು.

"ಏಕ್, ದೋನ್, ತೀನ್, ನಾಕು, ಐದು, ಆರು, ಏಳು," ಎಂದಳು, ಒಂದೇ ಉಸಿರಿಗೆ. ಆಮೇಲೆ ನನ್ನ ಕಡೆ ವಾಲಿ, "ಬಾಯಿ ಹತ್ರ ಬೇಕಾದಷ್ಟಿದೆ ಅಜ್ಜಿ," ಎಂದು ಪಿಸುಗುಟ್ಟಿದಳು.

ಮಾಲತಿಬಾಯಿ ತಟ್ಟೆಯನ್ನೇ ನೋಡುತ್ತಿದ್ದರು. "ನಕೋ?" ಎಂದರು ನಿಧಾನವಾಗಿ, ನನ್ನನ್ನು ಕೇಳುವ ಹಾಗೆ.

ನಾನು ನಾಲ್ಕು ಬೆರಳು ಎತ್ತಿ ಹಿಡಿದೆ. "ನಾಕು. ನಮ್ಮ ಮನೆಮಾತಿನಲ್ಲಿ."

"ಚಾರ್?"

"ಚಾರ್."

ಅವರು ಕೂತಲ್ಲೇ ಸುಧಾಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ನೆತ್ತಿಯ ಮೇಲೆ ಗಲ್ಲ ಊರಿದರು. ನಕೋ ತರ್ ನಕೋ, ಬೇಡ ಅಂದರೆ ಬೇಡ ಎಂದು, ಅವರು ಇಷ್ಟು ದಿನ ಬೀಜ ಎತ್ತಿಟ್ಟದ್ದು ಈ ನಾಕಿಗೆ. ಉಳಿದದ್ದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕವಾಯತಿನಲ್ಲಿ ಮರಾಠಿ ಇದ್ದದ್ದು ಮೂರರ ತನಕ. ಮೂರಾದ ಮೇಲೆ ಮಗು ಮನೆಯಿಂದ ತಂದದ್ದನ್ನು ಜೋಡಿಸಿತ್ತು. ನಾಲ್ಕು ದಾಟದೆ ಐದು ಸಿಗುವುದಿಲ್ಲ, ಐದು ಎಂದಿದ್ದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು. ಶಿಸ್ತಿಲ್ಲದ ಟೀಚರಾಗಿದ್ದರೆ ಎಂದೋ ಒಂದು ದಿನ ಮೈಮರೆತು ಐದು ಇಟ್ಟಿರುತ್ತಿದ್ದರು. ಇದನ್ನು ಬರೆಯಲು ನನಗೆ ಕಷ್ಟವೇ.

ಮಕ್ಕಳು ಮನೆಗೆ ಹೋದ ಮೇಲೆ ಮಾಲತಿಬಾಯಿ ದಾಖಲೆ ಪುಸ್ತಕ ತೆರೆದು ಬ್ಲೇಡು ತೆಗೆದರು, ಶಾಯಿ ಕೆರೆಯಲು. ನಾನು ಕೈ ಅಡ್ಡ ಹಿಡಿದೆ. ನಮ್ಮಲ್ಲಿ ಕೆರೆಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಸಿಗಬೇಕು, ಸರಿಯಾದದ್ದು ಅದರ ಮೇಲೆ. ಅವರು ಬ್ಲೇಡನ್ನು ಒಳಗಿಟ್ಟರು. ನಾನು ಅಡಿಪಟ್ಟಿ ಹಿಡಿದೆ, ಅವರು ಗೆರೆ ಎಳೆದರು. ಹಿಂದಿನ ಹನ್ನೊಂದು, ಮಂಗಳವಾರದ್ದು ಒಂದು, ಒಟ್ಟು ಹನ್ನೆರಡು ಷರಾ, ಹನ್ನೆರಡು ಗೆರೆ. ಶನಿವಾರದ ಪಟ್ಟಿಯಲ್ಲಿ ಸ್ವಭಾವ ಎಂಬ ಅಂಕಣಕ್ಕೆ ಬಂದಾಗ ಲೇಖನಿ ನಿಂತಿತು.

"ಇಲ್ಲಿ ಏನು ಬರೆಯಲಿ?"

"ಕಂಡದ್ದನ್ನು," ಎಂದೆ.

"ಎರಡು ಭಾಷೆಯಲ್ಲಿ ಎಣಿಸುತ್ತಾಳೆ" ಎಂದು ಬರೆದರು. ಅದರ ಮುಂದೆ, ಒಂದನೇ ತರಗತಿಗೆ ಯೋಗ್ಯಳು ಎಂದು. ಆಮೇಲೆ ಮರಾಠಿ ಬಾರದ ಉಳಿದ ಮಕ್ಕಳ ಪುಟಗಳನ್ನೂ ಗುರುತು ಹಾಕಿ ತೆಗೆದಿಟ್ಟುಕೊಂಡರು. ಇಬ್ಬರು ತೆಲುಗರು, ಒಬ್ಬ ಬಂಗಾಳಿ.

ಮನೆಯಲ್ಲಿ ವಿಷಯ ತಿಳಿದಾಗ ಲಲಿತ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಗಂಡನತ್ತ ತಿರುಗಿದಳು. ಶ್ರೀಕಂಠ ಕೆಲಸ ಮಾಡುವುದು ತಾರು ಕಛೇರಿಯಲ್ಲಿ.

"ದಿನಾ ಕಂಡವರ ಮಾತನ್ನ ಒಂದಕ್ಷರ ಬಿಡದ ಹಾಗೆ ಕಳಿಸ್ತೀರಿ. ಬಾಯಿ ನಕೋ ಅಂದಿದ್ದನ್ನ ನಕೋ ಅಂತಲೇ ನಂಗೆ ತಂದು ಹೇಳಿದ್ರೆ ನಾನಾದ್ರೂ ಕಂಡುಹಿಡೀತಿದ್ದೆ. ಬೇಡ ಅಂತಾಳಂತೆ ಅಂತ ತರ್ಜುಮೆ ಮಾಡಿ ತಂದ್ರಲ್ಲ."

ಅವನು ಸ್ಟೂಲನ್ನು ತಾನೇ ಎತ್ತಿಕೊಂಡು ಹೋಗಿ ಅಡಿಗೆಮನೆಯಲ್ಲಿಟ್ಟ. ಬರುವಾಗ ಸುಧಾಳ ಎದುರು ನೆಲದ ಮೇಲೆ ಕೂತು, "ನಂಗೆ ಮರಾಠೀಲಿ ಹತ್ತರ ತನಕ ಬರಲ್ಲ ಪುಟ್ಟಿ. ಇಬ್ರೂ ಕಲಿಯೋಣ್ವಾ?" ಎಂದ. ಅವಳು ಯೋಚಿಸಿ, "ಹಟ ಮಾಡ್ಬಾರ್ದು ಮತ್ತೆ," ಎಂದಳು.

ನನಗೆ ಆ ದಿನದ ಕೆಲಸ ಒಂದು ಉಳಿದಿತ್ತು. ಸಂಜೆ ಆರೂವರೆ ಗಂಟೆ, ಸ್ಥಳ ಶ್ರೀಕಂಠನ ಮನೆಯ ಜಗುಲಿ, ಹಾಜರಿದ್ದವಳು ನಾನೊಬ್ಬಳೇ. ಪ್ರವಾಸದ ಪುಸ್ತಕ ತೆಗೆದು, ಬುಧವಾರದ ಪುಟಕ್ಕೆ ಹೋಗಿ, ಹಣ್ಣಿನವಳ ಮೇಲಿನ ಎರಡು ವಾಕ್ಯಕ್ಕೂ ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ಅದರ ಮೇಲೆ ಬರೆದೆ: "ನಾನು ನಾಕು ಎಂದೆ. ಅವಳಿಗೆ ನಕೋ ಎಂದು ಕೇಳಿಸಿತು. ಹಣ್ಣನ್ನು ಎತ್ತಿಟ್ಟಳು." ಶಾಯಿ ಆರುವವರೆಗೆ ಕಾದು ಪುಸ್ತಕ ಮುಚ್ಚಿದೆ.